ಕುಬಸದ ಕೆಳಗಿನ ಗೆರೆ

ಆಕೆ ಸೆರಗು ಸರಿಸಲು ಒಪ್ಪಿದ್ದು ಮೂರನೆಯ ಸಲ ಬಂದಾಗ. ಮೊದಲೆರಡು ಸಲ ಅತ್ತೆಯ ಜೊತೆ ಬಂದು, ಬಸಿರಿನ ತಪಾಸಣೆ ಮಾಡಿಸಿಕೊಂಡು, ರಕ್ತ ಹೆಚ್ಚುವ ಮಾತ್ರೆ ತೆಗೆದುಕೊಂಡು ಗಂಡನೂರು ಕುರಕುಂಟಾಕ್ಕೆ ಹಿಂತಿರುಗಿದ್ದಳು. ಈ ಸಲ ಅತ್ತೆಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಬಾಗಿಲನ್ನು ತಾನೇ ಮುಂದೆ ಮಾಡಿ ನನ್ನೆದುರು ನಿಂತಳು. ಎಡ ಎದೆಯಲ್ಲಿ ಒಂದು ಗಡ್ಡೆಯಿದೆ, ಬಸಿರಾಗುವ ಮೊದಲು ನಿಂಬೆಕಾಯಿಯಷ್ಟಿದ್ದದ್ದು ಈಗ ಪೇರಲ ಹಣ್ಣಿನಷ್ಟಾಗಿದೆ ಎಂದಳು. ಇಷ್ಟು ದಿನ ಯಾಕೆ ಬಾಯಿ ಮುಚ್ಚಿಕೊಂಡಿದ್ದೆ ಎಂದು ನಾನು ಗದರಿದೆ. ನನ್ನ ನಾಲಿಗೆ ಆಗಲೂ ಚುರುಕು, ಈಗಲೂ ಚುರುಕು.

ಅದು ಎಪ್ಪತ್ತರ ದಶಕದ ಒಂದು ಬೇಸಿಗೆ. ಸೇಡಂ ತಾಲ್ಲೂಕಿನಲ್ಲಿ ಹೆಂಗಸರಿಗೆಂದೇ ಇದ್ದ ಎಂಟು ಹಾಸಿಗೆಗಳ ಒಂದು ಸಣ್ಣ ಆಸ್ಪತ್ರೆಗೆ ನಾನೊಬ್ಬಳೇ ಡಾಕ್ಟರು. ನನ್ನ ಜೊತೆಗೆ ಒಬ್ಬ ನರ್ಸು, ಒಬ್ಬ ಆಯಾ. ನಾನು ಮೈಸೂರು ಕಡೆಯವಳು. ಬಂದು ಮೂರು ವರ್ಷವಾಗಿತ್ತು. ಈ ಕಡೆಯ ಮಾತು ಕಿವಿಗೆ ಹತ್ತಿತ್ತು, ಎಲ್ಲರ ಬಾಯಲ್ಲೂ ನಾನು ‘ಬಾಯಾರು’ ಆಗಿದ್ದೆ, ಬಿಸಿಲು ಮೈಗೆ ಒಗ್ಗಿತ್ತು, ಇನ್ನು ನನಗೆ ಗೊತ್ತಿಲ್ಲದ್ದು ಇಲ್ಲಿ ಏನೂ ಉಳಿದಿಲ್ಲ ಎಂದುಕೊಂಡಿದ್ದೆ.

ಕೈಯಿಟ್ಟು ನೋಡಿದೆ. ಗಡ್ಡೆ ಬೆರಳಿನ ಕೆಳಗೆ ಸಲೀಸಾಗಿ ಜಾರುತ್ತಿತ್ತು. ಮೇಲಿನ ಚರ್ಮವನ್ನು ಎಳೆದಿರಲಿಲ್ಲ, ಕಂಕುಳಲ್ಲಿ ಏನೂ ಸಿಗಲಿಲ್ಲ. ಕೆಟ್ಟ ಗಡ್ಡೆಯಲ್ಲವೆಂದು ಮುಕ್ಕಾಲು ಪಾಲು ಖಾತ್ರಿಯಾಯಿತು. ಉಳಿದ ಕಾಲು ಪಾಲಿಗೆ ಅದನ್ನು ಹೊರಗೆ ತೆಗೆದೇ ನೋಡಬೇಕು. ಬೇರೆ ಹೊತ್ತಿನಲ್ಲಾದರೆ ಕಾಯಬಹುದಿತ್ತು. ಆದರೆ ಬಸಿರಿನ ಜೊತೆಗೆ ಅದೂ ಬೆಳೆಯುತ್ತಿತ್ತು, ಮೊಲೆತೊಟ್ಟಿನಿಂದ ಎರಡು ಬೆರಳು ಕೆಳಗೆ ಆಳದಲ್ಲಿ ಕೂತಿತ್ತು. ಹಾಲು ಇಳಿಯುವ ಹೊತ್ತಿಗೆ ಹಾಲಿನ ನಾಳಗಳನ್ನೆಲ್ಲ ಒತ್ತಿ ಹಿಡಿಯುವುದು ಖಂಡಿತ. ಆಕೆಗೆ ಆರು ತಿಂಗಳು ತುಂಬುವುದರಲ್ಲಿತ್ತು.

ಬಲಗಡೆಯೂ ನೋಡಬೇಕು ಎಂದೆ. ಆಕೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಬಟ್ಟೆ ತೆಗೆದಳು. ಬಲ ಎದೆ ಎಂಬುದೇ ಇರಲಿಲ್ಲ. ಹೆಗಲಿನಿಂದ ಪಕ್ಕೆಯವರೆಗೆ ಸುಟ್ಟ ಚರ್ಮ ಬಿಗಿದು ಮಿರುಗುತ್ತಿತ್ತು, ತೊಟ್ಟು ಅದರೊಳಗೆಲ್ಲೋ ಮುಚ್ಚಿಹೋಗಿತ್ತು. ಐದು ವರ್ಷದವಳಿದ್ದಾಗ ತವರೂರು ಚಿಮ್ಮನಚೋಡದಲ್ಲಿ ಕುದಿಯುವ ಅಂಬಲಿಯ ಗಡಿಗೆ ಮೈಮೇಲೆ ಉರುಳಿತ್ತಂತೆ.

"ಬಾಯಾರ, ನಂದು ಇದೊಂದೇ ಉಳದದ್ರಿ," ಎಂದಳು ಎಡಗೈಯಿಂದ ಎದೆ ಮುಚ್ಚಿಕೊಳ್ಳುತ್ತ. "ಹಾಲಿಗಿ ಏನೂ ಆಗಬಾರ್ದು. ಮತ್ತೇನರ ಆಗ್ಲಿ."

ಅವಳ ಮಾತಿನ ತೂಕ ನನಗೆ ಗೊತ್ತಿತ್ತು. ಬಾಟಲಿ ಹಾಲಿನ ಕೂಸುಗಳು ಬೇಸಿಗೆಯಲ್ಲಿ ಭೇದಿ ಹತ್ತಿ ಹೇಗೆ ಒಣಗುತ್ತವೆ ಎಂಬುದನ್ನು ಆ ಮೂರು ವರ್ಷಗಳಲ್ಲಿ ಬೇಕಾದಷ್ಟು ನೋಡಿದ್ದೆ. ಗುಲ್ಬರ್ಗಾಕ್ಕೆ ಬರೆದುಕೊಡುತ್ತೇನೆ, ಅಲ್ಲಿ ದೊಡ್ಡ ಸರ್ಜನ್ ಇದ್ದಾರೆ ಎಂದೆ. ಗಂಡಸರ ಮುಂದೆ ಈ ಮೈ ತೆರೆಯುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದಳು. ನಾನೂ ಬಹಳ ಒತ್ತಾಯ ಮಾಡಲಿಲ್ಲ. ಸುಳ್ಳು ಯಾಕೆ ಹೇಳಲಿ, ಈ ಕೆಲಸವನ್ನು ನಾನೇ ಮಾಡಬೇಕೆಂಬ ಆಸೆ ಅಷ್ಟರಲ್ಲೇ ಹುಟ್ಟಿತ್ತು.

ಎದೆಯೊಳಗಿನ ಗಡ್ಡೆಯನ್ನು ಮುಟ್ಟಲು ಕತ್ತಿ ಇಡುವ ಜಾಗಗಳು ಮೂರು. ಕೇಸ್ ಪೇಪರಿನ ಹಿಂಬದಿಯಲ್ಲಿ ಒಂದು ವೃತ್ತ ಬರೆದು ಅವಳಿಗೂ, ಒಳಗೆ ಕರೆದ ಅತ್ತೆಗೂ ವಿವರಿಸಿದೆ. ತೊಟ್ಟಿನ ಸುತ್ತಲಿನ ಕಪ್ಪು ಅಂಚಿನಲ್ಲಿ ಅರ್ಧಚಂದ್ರದಂತೆ ಕೊಯ್ಯುವುದು ಒಂದು. ಮಾಯ್ದರೆ ಕಲೆ ಕಾಣುವುದೇ ಇಲ್ಲ. ಆದರೆ ಹಾಲಿನ ನಾಳಗಳೆಲ್ಲ ಬಂದು ಕೂಡುವುದು ಅಲ್ಲೇ. ಕತ್ತಿ ಒಂದಿಷ್ಟನ್ನಾದರೂ ಕಡಿಯುತ್ತದೆ. ಗಡ್ಡೆಯ ನೇರ ಮೇಲೆ, ಬಂಡಿ ಗಾಲಿಯ ಕಡ್ಡಿಯ ಹಾಗೆ ತೊಟ್ಟಿನಿಂದ ಹೊರಕ್ಕೆ ಕೊಯ್ಯುವುದು ಎರಡನೆಯದು. ನಾಳಗಳು ಹರಿಯುವ ದಿಕ್ಕಿಗೇ ಕತ್ತಿಯೂ ಹೋಗುವುದರಿಂದ ಹಾಲಿಗೆ ಅಪಾಯ ಕಡಿಮೆ, ಕೆಲಸವೂ ಬೇಗ. ಕಲೆ ಮಾತ್ರ ಎದೆಯ ಮೇಲೆ ಎದ್ದು ಕಾಣುತ್ತದೆ. ಮೂರನೆಯದು ಎದೆಯ ಕೆಳಗಿನ ಮಡಿಕೆಯಲ್ಲಿ ಕೊಯ್ಯುವುದು. ಇಡೀ ಎದೆಯನ್ನು ಕೆಳಗಿನಿಂದ ಮೇಲಕ್ಕೆತ್ತಿ ಅದರ ಹಿಂಬದಿಯಿಂದ ಗಡ್ಡೆ ತೆಗೆಯಬಹುದು. ನಾಳಗಳೂ ಉಳಿಯುತ್ತವೆ, ಕಲೆಯೂ ಮಡಿಕೆಯಲ್ಲಿ ಮುಚ್ಚಿಹೋಗುತ್ತದೆ. ಆದರೆ ರಕ್ತ ಹೆಚ್ಚು, ಹೊತ್ತು ಹೆಚ್ಚು, ಕೈ ಪಳಗಿರಬೇಕು.

ಆಕೆ ಚಿತ್ರವನ್ನು ಬಹಳ ಹೊತ್ತು ನೋಡಿದಳು. "ಮ್ಯಾಲೇ ಕೊಯ್ರಿ," ಎಂದು ಎರಡನೆಯ ಗೆರೆಯ ಮೇಲೆ ಬೆರಳಿಟ್ಟಳು. "ಕಂಡ್ರ ಕಾಣ್ಲಿ. ಒಂದು ಕಡಿ ಸುಟ್ಟೇ ಹೋಗ್ಯಾದ, ಇದರಾಗೇನು."

ನಾನು ಕೇಳಲಿಲ್ಲ. ಒಂದು ಕಡೆ ಸುಟ್ಟಿದೆ, ಇನ್ನೊಂದು ಕಡೆಯಾದರೂ ಚೆಂದವಾಗಿ ಉಳಿಯಲಿ ಎಂದೆ. ಆಗಷ್ಟೇ ಇಪ್ಪತ್ತು ದಾಟಿದ ಹುಡುಗಿಗೆ ತನಗೇನು ಬೇಕೆಂದು ತಿಳಿಯದು, ನನಗೆ ತಿಳಿಯುತ್ತದೆ ಎಂಬ ಧಾಟಿಯಲ್ಲಿ ಹೇಳಿದೆ. ಕಲಿಯುವಾಗ ನಮ್ಮ ಗುರುಗಳು ಮಡಿಕೆಯ ಕೊಯ್ತವನ್ನು ಎರಡು ಸಲ ಮಾಡಿ ತೋರಿಸಿದ್ದರು. ಇಡೀ ತರಗತಿಯಲ್ಲಿ ನಾನೊಬ್ಬಳೇ ಅವರಿಗೆ ಸಹಾಯಕ್ಕೆ ನಿಂತಿದ್ದೆ. ಆ ಹೆಮ್ಮೆ ಒಳಗೆ ಬೆಚ್ಚಗಿತ್ತು. ಅತ್ತೆ ಒಂದೇ ಮಾತು ಕೇಳಿದರು: ಹಾಲು ಉಳಿಯುತ್ತದೆಯೇ? ಉಳಿಯುತ್ತದೆ ಎಂದೆ. ಹಾಗಾದರೆ ನಿಮ್ಮಿಷ್ಟ ಎಂದರು. ಮರುದಿನ ಮಗನನ್ನು ಕರೆತಂದು ರುಜು ಹಾಕಿಸಿದರು.

ಆಪರೇಷನ್ನಿನ ದಿನ ಬೆಳಿಗ್ಗೆ ಆಕೆಯನ್ನು ಮೇಜಿನ ಮೇಲೆ ಮಲಗಿಸಿ, ಕಡ್ಡಿಗೆ ಹತ್ತಿ ಸುತ್ತಿ, ನೇರಳೆ ಔಷಧದಲ್ಲಿ ಅದ್ದಿ ಮಡಿಕೆಯುದ್ದಕ್ಕೂ ಗೆರೆ ಎಳೆದೆ. ನಮ್ಮಲ್ಲಿ ಕರೆಂಟನ್ನು ನಂಬುವ ಹಾಗಿರಲಿಲ್ಲ. ಅದಕ್ಕೇ ಕಿಟಕಿಯ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಮೇಜಿನ ಮೇಲೆ ಬಿಡುವುದು ನಮ್ಮ ರೂಢಿ. ಕನ್ನಡಿ ಹಿಡಿಯುವ ಕೆಲಸ ಆಯಾಳದು. ಅವಳು ಸೇಡಂನವಳೇ, ಐವತ್ತರ ಆಸುಪಾಸಿನ ಮುಸ್ಲಿಂ ವಿಧವೆ. ಕೈ ನಡುಗಿಸದೆ ಒಂದು ಗಂಟೆ ಬೇಕಾದರೂ ಬೆಳಕನ್ನು ಒಂದೇ ಕಡೆ ನಿಲ್ಲಿಸುತ್ತಿದ್ದಳು. ಅವಳು ನನ್ನ ಗೆರೆಯನ್ನು ನೋಡಿ ಹತ್ತಿರ ಬಂದಳು.

"ಬಾಯಾರ, ಕುಬಸದ ಗಂಟು ಅಲ್ಲೇ ಬರ್ತದ್ರಿ."

ನಾನು ತಲೆಯೆತ್ತಲಿಲ್ಲ. ಕನ್ನಡಿ ನೆಟ್ಟಗೆ ಹಿಡಿ ಎಂದೆ. ಅವಳು ಕಿಟಕಿಯ ಹತ್ತಿರ ಹೋಗಿ ನಿಂತಳು.

ನಾನು ಹುಟ್ಟಿದಾಗಿನಿಂದ ಹುಕ್ಕಿನ ರವಿಕೆಯವಳು. ಈ ಕಡೆಯ ಹೆಂಗಸರ ಕುಬಸವನ್ನು ದಿನಾ ನೋಡುತ್ತಿದ್ದೆ. ಮುಂದಿನ ಎರಡು ಸೆರಗುಗಳನ್ನು ಎಳೆದು ಎದೆಯ ಕೆಳಗೆ ನಡುವೆ ಗಂಟು ಹಾಕುತ್ತಾರೆ. ಬಟ್ಟೆಯ ಅಂಚು ಮಡಿಕೆಯಲ್ಲೇ ಬಿಗಿದು ಕೂರುತ್ತದೆ. ಆದರೆ ನೋಡುವುದು ಬೇರೆ, ತೊಡುವುದು ಬೇರೆ. ನನ್ನ ಮುಂದೆ ಬರುವ ಹೆಂಗಸರೆಲ್ಲ ಅದನ್ನು ಬಿಚ್ಚಿಯೇ ಮಲಗುತ್ತಿದ್ದರು. ಬಿಚ್ಚಿದ ಮೈಯೊಂದೇ ನನ್ನ ಲೆಕ್ಕದಲ್ಲಿತ್ತು.

ಬಸುರಿಗೆ ಈಥರ್ ಕೊಡುವುದು ಬೇಡವೆಂದು ಜಾಗಕ್ಕಷ್ಟೇ ಮರಗಟ್ಟಿಸುವ ಸೂಜಿ ಕೊಟ್ಟೆ. ಚರ್ಮಕ್ಕೆ, ಆಮೇಲೆ ಎದೆಗೂ ಮಾಂಸಖಂಡಕ್ಕೂ ನಡುವಿನ ಸಡಿಲ ಪದರಕ್ಕೆ. ಆಕೆಗೆ ಪೂರ್ತಿ ಎಚ್ಚರವಿತ್ತು. ನಾಲ್ಕು ಬೆರಳಗಲ ಕೊಯ್ದು, ಆ ಪದರಕ್ಕೆ ಬೆರಳಿಟ್ಟು ಎದೆಯನ್ನು ನಿಧಾನ ಮೇಲಕ್ಕೆ ಬಿಡಿಸುತ್ತ ಹೋದೆ. ಬಸಿರಿನ ಎದೆಯಲ್ಲಿ ರಕ್ತ ಜಾಸ್ತಿ ಎಂಬುದನ್ನು ಪುಸ್ತಕದಲ್ಲಿ ಓದಿದ್ದೆ, ಇಷ್ಟೊಂದು ಎಂದು ಗೊತ್ತಿರಲಿಲ್ಲ. ಒಂದು ರಕ್ತನಾಳ ಚಿಮಟದಿಂದ ಜಾರಿ ಒಳಕ್ಕೆ ಸರಿದು ಹತ್ತು ನಿಮಿಷ ನನ್ನನ್ನು ಕಾಡಿಸಿತು. ನರ್ಸು ಅರಿವೆ ಒತ್ತಿ ಹಿಡಿದಳು, ನಾನು ಬೆವರುತ್ತ ಹುಡುಕಿದೆ. ಆಕೆ ಚಾವಣಿ ನೋಡುತ್ತ, ಹಾಲಿನ ನರ ಕಡಿದವೇ ಎಂದು ಮೆಲ್ಲಗೆ ಕೇಳಿದಳು. ಇಲ್ಲ, ಸುಮ್ಮನಿರು ಎಂದೆ. ಕೊನೆಗೆ ಆ ರಕ್ತನಾಳ ಸಿಕ್ಕಿತು, ಕಟ್ಟಿದೆ. ಗಡ್ಡೆಯ ಮೇಲಿನ ಪೊರೆಯನ್ನು ಸೀಳಿ ಬೆರಳಿನಿಂದ ಒತ್ತಿದರೆ ಅದು ತಾನೇ ಹೊರಗೆ ಬಂತು. ಎರಡು ಹೋಳು ಮಾಡಿ ನೋಡಿದೆ: ಬೆಳ್ಳಗೆ, ಗಟ್ಟಿಯಾಗಿ, ಅಂಚು ಸ್ಪಷ್ಟವಾಗಿತ್ತು. ಪರೀಕ್ಷೆಗೆ ಗುಲ್ಬರ್ಗಾಕ್ಕೆ ಕಳಿಸಿದ್ದಕ್ಕೂ ಆಮೇಲೆ ಒಳ್ಳೆಯ ಉತ್ತರವೇ ಬಂತು.

ಹತ್ತನೆಯ ದಿನ ಹೊಲಿಗೆ ತೆಗೆದಾಗ ನರ್ಸನ್ನು ಕರೆದು, ಗಾಯ ಎಲ್ಲಿದೆ ಹುಡುಕು ನೋಡೋಣ ಎಂದೆ. ಅಷ್ಟು ಚೆನ್ನಾಗಿ ಕೂಡಿತ್ತು. ತೊಟ್ಟನ್ನು ಮೆಲ್ಲಗೆ ಒತ್ತಿದರೆ ಒಂದು ಹನಿ ಹಳದಿ ಹಾಲೂ ಕಾಣಿಸಿತು. ಆಕೆ ಆ ಹನಿಯನ್ನು ಬೆರಳಿಗೆ ತೆಗೆದುಕೊಂಡು ಅತ್ತೆಗೆ ತೋರಿಸಿದಳು. ಭಾರ ಎತ್ತಬೇಡ, ಜಾಗ ಒಣಗಿರಲಿ, ಬಟ್ಟೆ ಸಡಿಲವಾಗಿರಲಿ ಎಂದು ಹೇಳಿ ಕಳಿಸಿದೆ. ಬಟ್ಟೆ ಸಡಿಲವಾಗಿರಲಿ ಎಂಬುದು ಎಲ್ಲರಿಗೂ ಹೇಳುವ ಮಾತು. ಯಾವ ಬಟ್ಟೆ, ಎಲ್ಲಿ ಸಡಿಲ ಎಂದು ಹೇಳಿರಲಿಲ್ಲ.

ಅದಾಗಿ ಹನ್ನೊಂದು ದಿನ ಕಳೆದ ಮೇಲೆ ಆಕೆಯನ್ನು ಬಾಡಿಗೆ ಜೀಪಿನಲ್ಲಿ ಕರೆತಂದರು. ಜ್ವರ ನೂರಾಮೂರು ಇತ್ತು. ಸೀರೆಯ ಒಳಗಿನಿಂದ ವಾಸನೆ ಬರುತ್ತಿತ್ತು. ಗಾಯ ನಡುವೆ ಎರಡು ಬೆರಳಗಲ ಬಿಚ್ಚಿಕೊಂಡು ಕೀವು ಒಸರುತ್ತಿತ್ತು, ಎದೆಯ ಕೆಳಭಾಗ ಕೆಂಪಗೆ ಊದಿ ಸುಡುತ್ತಿತ್ತು. ಅತ್ತೆ ಬಾಗಿಲಲ್ಲೇ ಅಳುತ್ತ ಕೂತುಬಿಟ್ಟರು.

ವಿಷಯ ಆಕೆಯಿಂದಲೇ ತಿಳಿಯಿತು. ಏಳನೆಯ ತಿಂಗಳು ಬಿದ್ದಿತೆಂದು ತವರಿನವರು ಕುಬಸದ ಕಾರ್ಯಕ್ಕೆ ಬಂದಿದ್ದರು. ಈ ಕಡೆ ಚೊಚ್ಚಲ ಬಸುರಿಗೆ ತವರಿನಿಂದ ಹಸಿರು ಸೀರೆ, ಖಣದ ಕುಬಸ ತಂದು, ಮುತ್ತೈದೆಯರು ಕೂಡಿ ತೊಡಿಸಿ ಆರತಿ ಮಾಡುತ್ತಾರೆ. ಎದೆ ಕೊಯ್ಯಿಸಿದ ಸುದ್ದಿಯನ್ನು ತವರಿಗೂ ಊರಿಗೂ ಹೇಳಿರಲಿಲ್ಲ; ಹೇಳಿದರೆ ಈಕೆಯ ಹಾಲು ಹೋಯಿತೆಂದು ಜನ ಆಡಿಕೊಳ್ಳುತ್ತಾರೆಂಬ ಹೆದರಿಕೆ. ಹೊಸ ಖಣ, ಇನ್ನೂ ನೀರು ಕಾಣದ ಬಿರುಸು ಬಟ್ಟೆ. ಬಸಿರಿನ ಎದೆ ಬೆಳೆದಿತ್ತು, ಕುಬಸ ಹಳೆಯ ಅಳತೆಯದು. ಇಬ್ಬರು ಹೆಂಗಸರು ಆಚೆ ಈಚೆ ಹಿಡಿದು ಎಳೆದು ಗಂಟು ಬಿಗಿದರು. ಬಲಗಡೆ ಎದೆಯಿಲ್ಲದ್ದರಿಂದ ಗಂಟು ಎಡಕ್ಕೆ ಸರಿದು ಸರಿಯಾಗಿ ನನ್ನ ಗೆರೆಯ ಮೇಲೆ ಕೂತಿತು. ಆಕೆ ಉಸಿರು ಬಿಗಿಹಿಡಿದು ಆರತಿ ಮಾಡಿಸಿಕೊಂಡಳು. ಆ ದಿನ ತೊಡಿಸಿದ್ದನ್ನು ಆ ದಿನವೇ ಬಿಚ್ಚುವಂತಿಲ್ಲ. ಮರುದಿನ ಬಿಚ್ಚಿದಾಗ ಖಣಕ್ಕೆ ರಕ್ತ ಹತ್ತಿತ್ತು. ಅತ್ತೆಗೂ ಹೇಳದೆ ಮೂರು ದಿನ ಅರಿಸಿನ ಹಚ್ಚಿಕೊಂಡು, ಮತ್ತೆ ಅದನ್ನೇ ಕಟ್ಟಿಕೊಂಡಿದ್ದಳು.

ನಾನು ಬೈಯಲು ಬಾಯಿ ತೆರೆದೆ. ಆಯಾ ಬಿಸಿನೀರಿನ ಬೋಗುಣಿ ಹಿಡಿದು ಎದುರಿಗೇ ನಿಂತಿದ್ದಳು. ಅಂದು ಗಂಟಿನ ಬಗ್ಗೆ ಅವಳು ಹೇಳಿದ್ದು ನೆನಪಾಗಿ, ಬೋಗುಣಿಯನ್ನು ನಾನೇ ಕೈಗೆ ತೆಗೆದುಕೊಂಡೆ. ಜೀವನದಲ್ಲಿ ಅಷ್ಟು ನಾಚಿಕೆ ನನಗೆ ಇನ್ನೆಂದೂ ಆಗಿಲ್ಲ.

ಪೋಸ್ಟ್ ಆಫೀಸಿಗೆ ಹೋಗಿ ಗುಲ್ಬರ್ಗಾಕ್ಕೆ ಟ್ರಂಕ್ ಕಾಲ್ ಮಾಡಿದೆ. ಲೈನು ಸಿಗಲು ಒಂದೂವರೆ ಗಂಟೆ ಹಿಡಿಯಿತು. ಹಿರಿಯ ಸರ್ಜನ್ ಶಾಂತವಾಗಿ ಕೇಳಿಸಿಕೊಂಡರು. ಕೀವು ಎದೆಯ ಹಿಂದೆ ಹೋಗಿದ್ದರೆ ತಡಮಾಡಬೇಡಿ, ಮೇಲಿನಿಂದಲೂ ಅಗಲವಾಗಿ ಕೊಯ್ದು ಹೊರಗೆ ಬಿಡಿ ಎಂದರು. ತೊಟ್ಟಿನ ಹತ್ತಿರ ಹೋಗಬೇಕಾದರೂ ಹೋಗಿ, ನಂಜು ಏರಿದರೆ ತಾಯಿಯೂ ಉಳಿಯುವುದಿಲ್ಲ, ಕೂಸೂ ಉಳಿಯುವುದಿಲ್ಲ, ಹಾಲಿನ ಮಾತು ಆಮೇಲೆ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಪೋಸ್ಟ್ ಆಫೀಸಿನಿಂದ ಬಿಸಿಲಲ್ಲಿ ನಡೆದು ಬರುವಾಗ ದಾರಿಯುದ್ದಕ್ಕೂ ಅದನ್ನೇ ತಿರುಗಿಸಿ ಮುರುಗಿಸಿ ಯೋಚಿಸಿದೆ.

ಎದೆಯ ಹಿಂದಿನ ಆ ಪದರವನ್ನು ಬಿಡಿಸಿದವಳು ನಾನೇ. ಕೀವು ಹೋಗಿದ್ದರೆ ನನ್ನ ಬೆರಳು ಹೋದ ದಾರಿಯಲ್ಲೇ ಹೋಗಿರಬೇಕು. ಕೂತಾಗ ಆ ದಾರಿಯ ಅತಿ ಕೆಳಗಿನ ತುದಿ ಯಾವುದು? ಮಡಿಕೆಯ ಗಾಯವೇ. ಹಾಗಿದ್ದರೆ ಮೇಲೆ ಹೊಸದಾಗಿ ಕೊಯ್ಯದೆ, ನಾನು ಕೊಯ್ದ ಹಳೆಯ ಗಾಯವನ್ನೇ ತುದಿಯಿಂದ ತುದಿಗೆ ಬಿಚ್ಚಿ, ಆಕೆಯನ್ನು ಹಗಲಿರುಳು ಕೂರಿಸಿಯೇ ಇಟ್ಟರೆ ಕೀವು ತಾನಾಗಿ ಇಳಿಯಬೇಕು. ಎರಡು ದಿನ ನೋಡುವುದು. ಮೂರನೆಯ ದಿನ ಬೆಳಿಗ್ಗೆ ಜ್ವರ ಇಳಿಯದಿದ್ದರೆ, ಆಕೆ ಒಪ್ಪಲಿ ಬಿಡಲಿ, ಜೀಪಿನಲ್ಲಿ ಹಾಕಿ ಗುಲ್ಬರ್ಗಾಕ್ಕೆ ಒಯ್ಯುವುದು. ಅಲ್ಲಿ ಮೇಲೆ ಕೊಯ್ಯುತ್ತಾರೆ, ಹಾಲು ಹೋಗುತ್ತದೆ.

ಈ ಸಲ ನಾನೊಬ್ಬಳೇ ತೀರ್ಮಾನಿಸಲಿಲ್ಲ. ಎರಡೂ ದಾರಿಯನ್ನು ಆಕೆಗೂ ಅತ್ತೆಗೂ ಹೇಳಿ, ಎರಡರಲ್ಲೂ ಇರುವ ಅಪಾಯ ಹೇಳಿ, ನೀನು ಏನಂತೀ ಎಂದು ಕೇಳಿದೆ. ಜ್ವರದಲ್ಲಿ ಆಕೆಯ ತುಟಿ ಒಣಗಿತ್ತು.

"ಆವಾಗೂ ಹೇಳಿದ್ದೆ ಬಾಯಾರ," ಎಂದಳು. "ಕೊಯ್ದ ಕಲಿ ಕಾಣಬಾರ್ದು ಅನ್ನೋದು ನಿಮಗ ಬೇಕಾಗಿತ್ತು. ನನಗ ಹಾಲಷ್ಟೇ ಬೇಕಾಗಿತ್ತು. ಎರಡು ದಿನ ನೋಡ್ರಿ."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಗಾಯವನ್ನು ಪೂರ್ತಿ ಬಿಚ್ಚಿದೆ. ಬೆರಳು ಹಿಂದಿನ ಪದರಕ್ಕೆ ಹೋದ ಕೂಡಲೇ ಅರ್ಧ ಬಟ್ಟಲು ಕೀವು ಬಂತು. ತೊಳೆದು, ಕೀವು ಇಳಿಯಲು ರಬ್ಬರಿನ ಪಟ್ಟಿ ಇಟ್ಟು, ಮೇಲೆ ಔಷಧದ ಅರಿವೆ ತುಂಬಿದೆ. ಪೆನಿಸಿಲಿನ್ ಸೂಜಿ ಆರು ಗಂಟೆಗೊಮ್ಮೆ. ಹಾಸಿಗೆಯ ತಲೆಯ ಕಡೆ ಸಿಮೆಂಟು ಚೀಲಕ್ಕೆ ಹೊಟ್ಟು ತುಂಬಿಸಿ ಒರಗು ಮಾಡಿದೆವು. ಆಕೆ ಅದಕ್ಕೆ ಒರಗಿ ಕೂತೇ ನಿದ್ದೆ ಮಾಡಬೇಕು. ಹೊಟ್ಟೆಯೊಳಗಿನ ಕೂಸಿನ ಎದೆಬಡಿತವನ್ನು ನರ್ಸು ಗಂಟೆಗೊಮ್ಮೆ ಕೇಳಿ ಬರೆದಿಡುತ್ತಿದ್ದಳು.

ಒಂದು ತೊಡಕು ಉಳಿದಿತ್ತು. ಕೂತರೆ ಎದೆಯ ಭಾರವೆಲ್ಲ ಗಾಯದ ಮೇಲೆ ಬಿದ್ದು ಬಾಯಿ ಮುಚ್ಚಿಕೊಳ್ಳುತ್ತಿತ್ತು, ಕೀವು ಒಳಗೇ ನಿಲ್ಲುತ್ತಿತ್ತು. ಪಟ್ಟಿ ಸುತ್ತಿ ಎತ್ತಿ ಕಟ್ಟೋಣವೆಂದರೆ ಆ ಪಟ್ಟಿಯೂ ಅಲ್ಲೇ ಒತ್ತುತ್ತದೆ. ನನಗೆ ಬಗೆ ಹರಿಯಲಿಲ್ಲ. ಆಯಾಳನ್ನು ಕರೆದೆ. ಅಂದು ನೀನು ಹೇಳಿದ್ದನ್ನು ನಾನು ಕೇಳಬೇಕಿತ್ತು, ತಪ್ಪಾಯಿತು, ಈಗ ಏನು ಮಾಡಬೇಕು ಹೇಳು ಎಂದೆ. ಅವಳು ತಪ್ಪಿನ ಮಾತನ್ನು ಎತ್ತಿಕೊಳ್ಳಲೇ ಇಲ್ಲ. ಆಕೆಯ ಮುಂದೆ ಕೂತು, ತನ್ನ ಎರಡು ಅಂಗೈಯಿಂದ ಅಲ್ಲಿ ಇಲ್ಲಿ ಹಿಡಿದು ನೋಡಿದಳು. ಆಮೇಲೆ ತನ್ನದೊಂದು ಹಳೆಯ ಮೆತ್ತನೆ ಸೀರೆ ಕುದಿಸಿ ಒಣಗಿಸಿ, ಮಧ್ಯಾಹ್ನದ ಹೊತ್ತಿಗೆ ಒಂದು ಕುಬಸ ಹೊಲಿದು ತಂದಳು. ಅದರ ಎಡ ಸೆರಗು ಎದೆಯನ್ನು ಜೋಳಿಗೆಯ ಹಾಗೆ ಎತ್ತಿ ಹಿಡಿದು, ಬಲ ಹೆಗಲ ಮೇಲೆ ಹೋಗಿ, ಬಲ ಪಕ್ಕೆಯಲ್ಲಿ ಗಂಟಾಗುತ್ತಿತ್ತು. ಮಡಿಕೆಯ ಹತ್ತಿರ ಒಂದು ಎಳೆಯೂ ಇರಲಿಲ್ಲ.

ಅತ್ತೆ ಅದನ್ನು ಅನುಮಾನದಿಂದ ನೋಡಿದರು. ಬಸುರಿ ಹೆಂಗಸು ಮುಂದೆ ಗಂಟಿಲ್ಲದ ಕುಬಸ ತೊಡುವುದುಂಟೇ ಎಂದು ಗೊಣಗಿದರು. ಸೊಸೆ ಅವರ ಮುಖ ನೋಡಿದಳು. ಸ್ವಲ್ಪ ಹೊತ್ತಿಗೆ ಅತ್ತೆಯೇ ಎದ್ದು ಹೋಗಿ, ಆಯಾ ತೋರಿಸಿದಂತೆ ಬಲ ಪಕ್ಕೆಯಲ್ಲಿ ಗಂಟು ಹಾಕಿದರು. ಸುಟ್ಟ ಚರ್ಮಕ್ಕೆ ಒತ್ತದಂತೆ ಕೆಳಗೆ ಹತ್ತಿಯನ್ನೂ ಇಟ್ಟರು.

ಮೊದಲ ದಿನ ಜ್ವರ ಇಳಿಯಲಿಲ್ಲ. ಎರಡನೆಯ ದಿನ ಬೆಳಿಗ್ಗೆ ನೂರಾ ಎರಡು, ಮಧ್ಯಾಹ್ನ ಮತ್ತೆ ನೂರಾಮೂರು. ಜೀಪಿನವನಿಗೆ ಹೇಳಿ ಕಳಿಸಿದೆ. ಸಂಜೆ ಅರಿವೆ ಬದಲಿಸುವಾಗ ಕೀವು ಕಡಿಮೆಯಾಗಿತ್ತು. ಅದು ಇಳಿದು ಕಡಿಮೆಯಾಗಿದ್ದೋ ಒಳಗೆ ಕಟ್ಟಿ ಕಡಿಮೆಯಾಗಿದ್ದೋ ಹೇಳಲು ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಜೀಪು ಬಾಗಿಲಿಗೆ ಬಂದು ನಿಂತಿತು. ಜ್ವರದ ಕಡ್ಡಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ತೊಂಬತ್ತೊಂಬತ್ತು. ನಂಬಿಕೆಯಾಗದೆ ಕಡ್ಡಿ ಜಾಡಿಸಿ ಮತ್ತೊಮ್ಮೆ ಇಟ್ಟೆ. ಅಷ್ಟೇ ಇತ್ತು. ಜೀಪಿನವನನ್ನು ವಾಪಸ್ಸು ಕಳಿಸಿದೆವು.

ಗಾಯ ತಳದಿಂದ ತುಂಬಿಕೊಂಡು ಬರಲು ಆರು ವಾರ ಹಿಡಿಯಿತು. ನಾನು ಹುಡುಕಿದರೂ ಸಿಗಬಾರದೆಂದು ಕೊಯ್ದ ಗೆರೆ ಕೊನೆಗೆ ಹೆಬ್ಬೆರಳಗಲದ ಉಬ್ಬು ಕಲೆಯಾಯಿತು. ನನ್ನ ಕೈಯಿಂದ ಆದ ಕಲೆಗಳಲ್ಲೆಲ್ಲ ಅದೇ ವಿಕಾರದ್ದು. ಅಷ್ಟರಲ್ಲಿ ವಾಡಿಯ ಕಡೆಯಿಂದ ಇನ್ನೊಬ್ಬಳು ಇಂಥದೇ ಗಡ್ಡೆಯೊಂದಿಗೆ ಬಂದಳು. ಮನೆಯಲ್ಲಿ ತೊಡುವ ಬಟ್ಟೆಯನ್ನು ಮನೆಯಲ್ಲಿ ಕಟ್ಟುವಂತೆ ಕಟ್ಟಿಕೊಂಡು ನಿಲ್ಲು ಎಂದೆ. ನೇರಳೆ ಔಷಧದ ಕಡ್ಡಿಯನ್ನು ಆಯಾಳ ಕೈಗೆ ಕೊಟ್ಟೆ. ಅವಳು ಗಂಟಿನ ಜಾಗ, ಅಂಚಿನ ಜಾಗ, ಕೊಡ ಹೊತ್ತಾಗ ಕಂಕುಳು ತಿಕ್ಕುವ ಜಾಗ ಎಲ್ಲಕ್ಕೂ ಗುರುತು ಹಾಕಿದಳು. ಉಳಿದ ಜಾಗದಲ್ಲಿ ನಾನು ನನ್ನ ಗೆರೆ ಎಳೆದೆ.

ಕುರಕುಂಟಾದಾಕೆಗೆ ದಿನ ತುಂಬಿ ನಮ್ಮಲ್ಲೇ ಹೆರಿಗೆಯಾಯಿತು, ಹೆಣ್ಣುಕೂಸು. ತವರಿಗೆ ಕಳಿಸುವ ಪದ್ಧತಿಯನ್ನು ಅತ್ತೆಯೇ ಬದಿಗಿಟ್ಟು ಕರೆತಂದಿದ್ದರು. ಮೊದಲ ದಿನ ಕೂಸು ಚೀಪಿ ಚೀಪಿ ಅತ್ತಿತು. ಎರಡನೆಯ ದಿನವೂ ಅಷ್ಟೇ. ಹಾಲು ಇಳಿಯಲು ಮೂರು ದಿನ ಬೇಕೆಂದು ನೂರಾರು ಬಾಣಂತಿಯರಿಗೆ ಹೇಳಿದವಳು ನಾನು. ಆ ಎರಡು ದಿನ ನನಗೇ ಅದರಲ್ಲಿ ನಂಬಿಕೆ ಇರಲಿಲ್ಲ. ಏನೇನೋ ನೆವ ಮಾಡಿಕೊಂಡು ಆ ಕೋಣೆಯ ಮುಂದೆ ಓಡಾಡಿದೆ.

ಮೂರನೆಯ ದಿನ ಬೆಳಿಗ್ಗೆ ರೌಂಡಿಗೆ ಹೋದಾಗ ಆಕೆ ಗೋಡೆಗೆ ಒರಗಿ ಕೂತಿದ್ದಳು. ಪಕ್ಕೆಯ ಗಂಟನ್ನು ಒಂದೇ ಕೈಯಲ್ಲಿ ಬಿಚ್ಚಿಕೊಂಡಿದ್ದಳು. ಬಲಗಡೆಯ ಸುಟ್ಟ ಮೈ ಪೂರ್ತಿ ತೆರೆದಿತ್ತು. ಮುಚ್ಚಿಕೊಳ್ಳಬೇಕೆಂಬುದೂ ಆಕೆಗೆ ನೆನಪಿರಲಿಲ್ಲ. ಕೂಸು ಎಡಗಡೆ ಇತ್ತು. ಅದರ ಗಂಟಲು ಏರಿಳಿಯುವುದು ಬಾಗಿಲಿನವರೆಗೆ ಕಾಣುತ್ತಿತ್ತು, ಗದ್ದದಿಂದ ಒಂದು ಬಿಳಿ ಗೆರೆ ಇಳಿದು ಆಕೆಯ ಉಬ್ಬು ಕಲೆಯನ್ನು ದಾಟಿ ಹೊಟ್ಟೆಯವರೆಗೆ ಹರಿದಿತ್ತು. ಆಯಾ ಹಾಸಿಗೆಯ ಪಕ್ಕದಲ್ಲಿ ನಿಂತು ಅರಿವೆಯಿಂದ ಒರೆಸಲು ಬಗ್ಗಿದಳು.

"ಇರ್ಲಿ ಬಿಡ ಆಯಾ, ಒರಸಬ್ಯಾಡ," ಎಂದಳು ಆಕೆ. "ಬಾಯಾರು ನೋಡ್ಲಿ."